ಡಿಕ್ಕಿಯೊಳಗಿನ ಐದನೇ ಚಕ್ರ

"ಸಾರ್, ನಮ್ಮ ಕಾರಿನ ಸ್ಟೆಪ್ನಿ ಮೇಲೆ ಎಂಬತ್ತು ಅಂತ ಹಳದಿ ಚೀಟಿ ಅಂಟಿಸಿದ್ದಾರೆ. ಅದು ಗಾಳಿಯ ಲೆಕ್ಕವೋ, ತೂಕದ ಲೆಕ್ಕವೋ?" ಒಂಬತ್ತನೇ ತರಗತಿಯ ಹುಡುಗನೊಬ್ಬ ಚಲನೆಯ ಪಾಠದ ನಡುವೆ ಎದ್ದು ನಿಂತು ಕೇಳಿದ. ಅದು ವೇಗದ ಮಿತಿ, ಆ ಚಕ್ರ ಹಾಕಿಕೊಂಡಾಗ ಗಂಟೆಗೆ 80 ಕಿಲೋಮೀಟರ್ ಮೀರಬಾರದು ಎಂದೆ. ಹುಡುಗ ಕೂಡಲಿಲ್ಲ. "ಅಪ್ಪ ಅದನ್ನ ಹಾಕಿ ಮೂರು ತಿಂಗಳಾಯ್ತು ಸಾರ್. ಧರ್ಮಸ್ಥಳಕ್ಕೂ ಹೋಗಿ ಬಂದ್ವಿ. ಏನೂ ಆಗಿಲ್ಲ."

ಏನೂ ಆಗಿಲ್ಲ ಎನ್ನುವುದು ಸಂತೋಷದ ವಿಷಯವೇ. ಆದರೆ ಮಳೆಗಾಲದಲ್ಲಿ ಘಾಟಿ ಇಳಿದು ಹತ್ತಿ ಬಂದ ಆ ಕಾರಿನಲ್ಲಿ ನಾಲ್ಕೈದು ಜನ ಕೂತಿದ್ದರು. ಅವರನ್ನು ಹೊತ್ತಿದ್ದ ನಾಲ್ಕು ಚಕ್ರಗಳಲ್ಲಿ ಒಂದು, ಆ ಕೆಲಸಕ್ಕೆಂದು ತಯಾರಾದದ್ದೇ ಅಲ್ಲ. ಇದರಲ್ಲಿ ಎಂಟು, ಒಂಬತ್ತು, ಹತ್ತನೇ ತರಗತಿಯ ಗಣಿತ ಮತ್ತು ವಿಜ್ಞಾನ ಎಷ್ಟೊಂದು ಅಡಗಿದೆ ಎಂಬುದನ್ನು ಈ ವಾರ ನೋಡೋಣ. ಮಕ್ಕಳು ಪೆನ್ಸಿಲು, ಕಾಗದ ಹಿಡಿದು ಕೂತರೆ ಒಳ್ಳೆಯದು. ಪಾಲಕರು ಕಾರಿನ ಕೀಲಿಕೈ ಹುಡುಕಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಮೊದಲು ಹೆಸರಿನ ವಿಚಾರ. ನಾವು ಕನ್ನಡಿಗರು, ಏಕೆ, ಇಡೀ ಭಾರತದವರೇ, ಹೆಚ್ಚುವರಿ ಚಕ್ರವನ್ನು ಸ್ಟೆಪ್ನಿ ಎನ್ನುತ್ತೇವೆ. ಇಂದಿನ ಇಂಗ್ಲಿಷ್ ಮಾತಿನಲ್ಲಿ ಇಂಗ್ಲೆಂಡಿನವರೇ ಈ ಪದ ಬಳಸುವುದಿಲ್ಲ. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ ಲಾನೆಲಿ ಎಂಬ ಊರಿದೆ. ಅಲ್ಲಿಯ ಸ್ಟೆಪ್ನಿ ಬೀದಿಯಲ್ಲಿ ಕಬ್ಬಿಣದ ಸಾಮಾನಿನ ವ್ಯಾಪಾರ ಮಾಡಿಕೊಂಡಿದ್ದ ಡೇವಿಸ್ ಸಹೋದರರು 1904ರಲ್ಲಿ ಒಂದು ಉಪಾಯ ಹೂಡಿದರು. ಅಂದಿನ ಕಾರುಗಳ ಚಕ್ರಗಳನ್ನು ಇಂದಿನಂತೆ ನಾಲ್ಕು ನಟ್ಟು ಬಿಚ್ಚಿ ತೆಗೆಯಲು ಬರುತ್ತಿರಲಿಲ್ಲ. ಪಂಕ್ಚರ್ ಆದರೆ ರಸ್ತೆಯ ಪಕ್ಕದಲ್ಲೇ ಕೂತು, ಟೈರು ಬಿಚ್ಚಿ, ಟ್ಯೂಬು ತೆಗೆದು, ತೇಪೆ ಹಾಕಬೇಕಿತ್ತು. ಡೇವಿಸ್ ಸಹೋದರರು ಕಡ್ಡಿಗಳಿಲ್ಲದ ಒಂದು ಬಳೆಯಂಥ ರಿಮ್‌ಗೆ ಗಾಳಿ ತುಂಬಿದ ಟೈರು ತೊಡಿಸಿ, ಅದನ್ನು ಪಂಕ್ಚರ್ ಆದ ಚಕ್ರದ ಪಕ್ಕಕ್ಕೆ ಹಿಡಿಕೆಗಳಿಂದ ಬಿಗಿಯುವ ಏರ್ಪಾಡು ಮಾಡಿದರು. ಮನೆ ಅಥವಾ ಗ್ಯಾರೇಜು ಸೇರುವವರೆಗೆ ಅದರ ಮೇಲೆ ಓಡಬಹುದಿತ್ತು. ಬೀದಿಯ ಹೆಸರೇ ಕಂಪನಿಗೆ, ಕಂಪನಿಯ ಹೆಸರೇ ಚಕ್ರಕ್ಕೆ ಬಂತು. ಬ್ರೆಜಿಲ್ ದೇಶದ ಜನ ಇಂದಿಗೂ ಹೆಚ್ಚುವರಿ ಚಕ್ರವನ್ನು 'ಎಸ್ಟೆಪಿ' ಎನ್ನುವುದು ಇದೇ ಮೂಲದಿಂದ.

ನೋಡಿ, ಮೊಟ್ಟಮೊದಲ ಸ್ಟೆಪ್ನಿಯೇ ತಾತ್ಕಾಲಿಕ ಚಕ್ರವಾಗಿತ್ತು! ಆಮೇಲೆ ಬಿಚ್ಚಿ ಹಾಕುವ ಚಕ್ರಗಳು ಬಂದವು. ಉಳಿದ ನಾಲ್ಕರಂಥದೇ ಐದನೆಯದೊಂದು ಡಿಕ್ಕಿಯಲ್ಲಿ ಕುಳಿತಿತು. ನಮ್ಮ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಸ್ಟೆಪ್ನಿಗೂ ಉಳಿದವಕ್ಕೂ ಭೇದವೇ ಇರಲಿಲ್ಲ. ಐದನ್ನೂ ಸರದಿಯ ಮೇಲೆ ಹಾಕಿ ಸವೆಸುತ್ತಿದ್ದರು. ಈಗ ಮಾತ್ರ ಚಕ್ರ ಹಿಂದಕ್ಕೆ ತಿರುಗಿದೆ. ಡಿಕ್ಕಿಯಲ್ಲಿ ಜಾಗ ಉಳಿಯಲಿ, ಕಾರಿನ ತೂಕ ಇಳಿಯಲಿ, ಖರ್ಚೂ ಇಳಿಯಲಿ ಎಂದು ಹಲವು ಕಾರುಗಳಲ್ಲಿ ಚಿಕ್ಕದಾದ, ಸಪೂರವಾದ ತಾತ್ಕಾಲಿಕ ಚಕ್ರ ಇಡುತ್ತಾರೆ. ಇನ್ನು ಕೆಲವದರಲ್ಲಿ ನಾಲ್ಕು ಚಕ್ರಕ್ಕೆ ಹೊಳೆಯುವ ಅಲಾಯ್ ಡಿಸ್ಕು, ಐದನೆಯದಕ್ಕೆ ಒಂದಂಗುಲ ಚಿಕ್ಕದಾದ ಉಕ್ಕಿನ ಡಿಸ್ಕು. 2020ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಗಿ, ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತಿಳಿಸುವ ವ್ಯವಸ್ಥೆ ಮತ್ತು ಪಂಕ್ಚರ್ ರಿಪೇರಿ ಕಿಟ್ ಇರುವ ಕಾರಿಗೆ ಸ್ಟೆಪ್ನಿಯೇ ಕಡ್ಡಾಯವಲ್ಲ ಎಂದಾಯಿತು.

ಈಗ ಲೆಕ್ಕಕ್ಕೆ ಬರೋಣ. ಟೈರಿನ ಪಕ್ಕದ ಗೋಡೆಯ ಮೇಲೆ 185/65 ಆರ್ 15 ಎಂಬಂಥ ಬರಹವಿರುತ್ತದೆ. ಇದು ಮೂರು ಅಳತೆ ಪದ್ಧತಿಗಳ ಸಂತೆ. 185 ಎಂಬುದು ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಎಂಬುದು ಶೇಕಡಾವಾರು: ಗೋಡೆಯ ಎತ್ತರ ಅಗಲದ ನೂರಕ್ಕೆ ಅರವತ್ತೈದರಷ್ಟು. ಆರ್ ಎಂದರೆ ರೇಡಿಯಲ್, ಒಳಗಿನ ದಾರಗಳನ್ನು ಹೆಣೆದ ರೀತಿ. ಕೊನೆಯ 15 ಡಿಸ್ಕಿನ ವ್ಯಾಸ, ಅದು ಅಂಗುಲದಲ್ಲಿ. ಮೀಟರು, ಶೇಕಡಾ, ಅಂಗುಲ ಮೂರನ್ನೂ ಒಂದೇ ಸಾಲಿನಲ್ಲಿ ಕೂಡಿಸಿದ ಪುಣ್ಯಾತ್ಮ ಯಾರೋ, ನನ್ನ ತರಗತಿಯಲ್ಲಿ ಹೀಗೆ ಬರೆದರೆ ಅರ್ಧ ಅಂಕ ಕಳೆಯುತ್ತಿದ್ದೆ.

ಇದರಿಂದ ಚಕ್ರದ ಒಟ್ಟು ವ್ಯಾಸ ಕಂಡುಹಿಡಿಯಿರಿ. 185ರ ಶೇ 65 ಎಂದರೆ 120.25 ಮಿ.ಮೀ. ಡಿಸ್ಕಿನ ಮೇಲೊಂದು ಗೋಡೆ, ಕೆಳಗೊಂದು ಗೋಡೆ. ಎರಡು ಸೇರಿ 240.5. ಡಿಸ್ಕಿನ ವ್ಯಾಸ 15ನ್ನು 25.4ರಿಂದ ಗುಣಿಸಿದರೆ 381. ಒಟ್ಟು 621.5 ಮಿ.ಮೀ. ಇದಕ್ಕೆ ಪೈ ಗುಣಿಸಿದರೆ ಪರಿಧಿ ಸುಮಾರು 1.95 ಮೀಟರು. ಅಂದರೆ ಒಂದು ಕಿಲೋಮೀಟರು ಸಾಗಲು ಈ ಚಕ್ರ ಹೆಚ್ಚುಕಡಿಮೆ 512 ಸುತ್ತು ಸುತ್ತಬೇಕು.

ಇನ್ನು ತಾತ್ಕಾಲಿಕ ಚಕ್ರ. ಅದರ ಬರಹ ಟಿ ಅಕ್ಷರದಿಂದ ಶುರುವಾಗುತ್ತದೆ. ಟಿ 125/80 ಡಿ 15 ಎಂದಿದೆ ಎನ್ನಿ. ಟಿ ಎಂದರೆ ತಾತ್ಕಾಲಿಕ; ಡಿ ಎಂದರೆ ದಾರಗಳನ್ನು ಓರೆಯಾಗಿ ಹೆಣೆದದ್ದು. ಗೋಡೆ 125ರ ಶೇ 80, ಅಂದರೆ 100 ಮಿ.ಮೀ. ಎರಡು ಗೋಡೆ 200, ಡಿಸ್ಕು 381, ಒಟ್ಟು 581 ಮಿ.ಮೀ. ಪರಿಧಿ 1.825 ಮೀಟರು, ಕಿಲೋಮೀಟರಿಗೆ 548 ಸುತ್ತು. ದೊಡ್ಡ ಚಕ್ರಕ್ಕಿಂತ 36 ಸುತ್ತು ಹೆಚ್ಚು. (ಕಾರು ತಯಾರಿಸುವವರು ಸಾಧ್ಯವಾದಷ್ಟು ಹತ್ತಿರದ ವ್ಯಾಸವನ್ನೇ ಆರಿಸುತ್ತಾರೆ. ವ್ಯತ್ಯಾಸ ಕಣ್ಣಿಗೆ ಕಾಣಲೆಂದು ನಾನು ಈ ಜೋಡಿಯನ್ನು ತೆಗೆದುಕೊಂಡಿದ್ದೇನೆ. ನಿಮ್ಮ ಕಾರಿನ ಸಂಖ್ಯೆಗಳನ್ನು ಹಾಕಿ ನೀವೇ ಮಾಡಿ ನೋಡಿ.)

ಮೂವತ್ತಾರು ಸುತ್ತು ಹೆಚ್ಚಾದರೆ ಏನಾಯಿತು? ಇದಕ್ಕೊಂದು ಪ್ರಯೋಗ. ಅಡುಗೆಮನೆಯಿಂದ ಒಂದು ಸ್ಟೀಲು ಲೋಟ ತನ್ನಿ. ಬಾಯಿ ಅಗಲ, ತಳ ಕಿರಿದಾಗಿರಬೇಕು. ಅದನ್ನು ನೆಲದ ಮೇಲೆ ಅಡ್ಡ ಮಲಗಿಸಿ ಮೆಲ್ಲಗೆ ಉರುಳಿಸಿ. ನೇರವಾಗಿ ಹೋಗುವುದಿಲ್ಲ, ಸುತ್ತು ಬಂದು ಹೊರಟಲ್ಲಿಗೇ ಸೇರುತ್ತದೆ. ಬಾಯಿ ಮತ್ತು ತಳ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಎರಡೂ ಒಂದೇ ಸಲ ಒಂದು ಸುತ್ತು ಸುತ್ತಲೇಬೇಕು. ಆ ಒಂದು ಸುತ್ತಿನಲ್ಲಿ ಬಾಯಿ ಹೆಚ್ಚು ದೂರ, ತಳ ಕಡಿಮೆ ದೂರ ಹೋಗುತ್ತವೆ. ಹಾಗಾಗಿ ಲೋಟ ಕಿರಿದಾದ ಕಡೆಗೆ ತಿರುಗುತ್ತದೆ. ಬಾಯಿಯ ವ್ಯಾಸ ಏಳೂವರೆ, ತಳದ್ದು ಐದೂವರೆ, ಉದ್ದ ಹತ್ತು ಸೆಂಟಿಮೀಟರ್ ಆದರೆ ಬಾಯಿ ಬರೆಯುವ ವೃತ್ತದ ತ್ರಿಜ್ಯ ಮೂವತ್ತೇಳೂವರೆ ಸೆಂಟಿಮೀಟರ್ ಬರಬೇಕು. ಸಮರೂಪ ತ್ರಿಭುಜಗಳನ್ನು ಕಲಿತವರು ಇದನ್ನು ಸಾಧಿಸಬಹುದು. ಸೀಮೆಸುಣ್ಣದಿಂದ ಗುರುತು ಮಾಡಿ ಅಳೆದು ನೋಡಿ.

ಕಾರಿನ ಒಂದು ಪಕ್ಕಕ್ಕೆ 621.5, ಇನ್ನೊಂದು ಪಕ್ಕಕ್ಕೆ 581 ಮಿಲಿಮೀಟರಿನ ಚಕ್ರ ಹಾಕಿ, ನಡುವೆ ಒಂದೂವರೆ ಮೀಟರ್ ಅಂತರವಿಟ್ಟು, ಎರಡನ್ನೂ ಗಟ್ಟಿಯಾದ ಒಂದೇ ಅಚ್ಚಿಗೆ ಬೆಸೆದರೆ ಅದೂ ಲೋಟವೇ. ಅದೇ ಸೂತ್ರದಂತೆ ತ್ರಿಜ್ಯ 23 ಮೀಟರು ಬರುತ್ತದೆ. ಸ್ಟಿಯರಿಂಗ್ ನೇರ ಹಿಡಿದರೂ ಆ ಜೋಡಿ ಚಕ್ರ ಶಾಲೆಯ ಆಟದ ಬಯಲಿನಷ್ಟು ಜಾಗದಲ್ಲಿ ಗಾಣದೆತ್ತಿನ ಹಾಗೆ ಸುತ್ತಲು ಎಳೆಯುತ್ತಿತ್ತು.

ಕಾರು ಹಾಗೆ ಸುತ್ತುವುದಿಲ್ಲವಲ್ಲ, ಏಕೆ? ನಮ್ಮ ಎತ್ತಿನ ಗಾಡಿಯನ್ನು ನೆನಪಿಸಿಕೊಳ್ಳಿ. ಅದರ ಗಾಲಿಗಳು ಅಚ್ಚಿನ ಮೇಲೆ ಬಿಡಿಬಿಡಿಯಾಗಿ ತಿರುಗುತ್ತವೆ. ಕಡಾಣಿ ಅವು ಕಳಚದಂತೆ ತಡೆಯುತ್ತದೆ ಅಷ್ಟೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ಸುತ್ತಿದರೂ ಒಳಗಿನದಕ್ಕೆ ತೊಂದರೆಯಿಲ್ಲ. ಕಾರಿನ ಮುಂಚಕ್ರಗಳಿಗೋ ಹಿಂಚಕ್ರಗಳಿಗೋ ಎಂಜಿನ್ನಿನ ಶಕ್ತಿ ಹೋಗಬೇಕಾದ್ದರಿಂದ ಹಾಗೆ ಬಿಡಿಯಾಗಿ ಬಿಡಲು ಬರುವುದಿಲ್ಲ. ಅದಕ್ಕೆಂದೇ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಪೆಟ್ಟಿಗೆ ಇದೆ. ಎರಡೂ ಚಕ್ರಗಳಿಗೆ ಶಕ್ತಿ ಹಂಚುತ್ತಲೇ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಈ ಜಾಣ್ಮೆಯ ಯಂತ್ರವನ್ನು ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ ಎಂಬವನು 1820ರ ದಶಕದ ಕೊನೆಯಲ್ಲೇ ಉಗಿ ಗಾಡಿಗಾಗಿ ರೂಪಿಸಿದ್ದ.

ಡಿಫರೆನ್ಷಿಯಲ್ ಇರುವುದರಿಂದಲೇ ಆ ಹುಡುಗನ ಅಪ್ಪ ಮೂರು ತಿಂಗಳು ಏನೂ ತಿಳಿಯದೆ ಓಡಾಡಿದ್ದು. ಆದರೆ ಆ ಪೆಟ್ಟಿಗೆ ತಿರುವಿನಲ್ಲಿ ಕ್ಷಣಕಾಲ ದುಡಿಯಲು ಹುಟ್ಟಿದ್ದು. ಕಾರು ಲಂಬಕೋನದ ಒಂದು ತಿರುವು ತೆಗೆದುಕೊಂಡಾಗ ಹೊರಗಿನ ಚಕ್ರ ಒಳಗಿನದಕ್ಕಿಂತ ಎಷ್ಟು ಹೆಚ್ಚು ದೂರ ಹೋಗುತ್ತದೆ? ಪೈ ಭಾಗಿಸು ಎರಡು, ಗುಣಿಸು ಒಂದೂವರೆ ಮೀಟರು: ಸುಮಾರು 2.36 ಮೀಟರು. ತಿರುವು ದೊಡ್ಡದಿರಲಿ ಚಿಕ್ಕದಿರಲಿ ಉತ್ತರ ಇದೇ. ತ್ರಿಜ್ಯ ಲೆಕ್ಕದಲ್ಲಿ ಹೊಡೆದುಹೋಗುತ್ತದೆ. (ಏಕೆ ಎಂಬುದನ್ನು ಮಕ್ಕಳು ಬರೆದು ತೋರಿಸಬೇಕು.) ಇದು ಚಕ್ರದ ಒಂದೂಕಾಲು ಸುತ್ತಿಗಿಂತ ಸ್ವಲ್ಪ ಕಡಿಮೆ. ಹಾಗಾದರೆ ಕಿಲೋಮೀಟರಿಗೆ 36 ಹೆಚ್ಚುವರಿ ಸುತ್ತು ಎಂದರೆ, ನೇರ ರಸ್ತೆಯಲ್ಲಿ ಪ್ರತಿ ಕಿಲೋಮೀಟರಿನಲ್ಲೂ ಒಂದೇ ಕಡೆಗೆ ಮೂವತ್ತು ಲಂಬ ತಿರುವು ತೆಗೆದುಕೊಂಡಷ್ಟು ಕೆಲಸವನ್ನು ಆ ಪೆಟ್ಟಿಗೆಯಿಂದ ಮಾಡಿಸಿದಂತೆ. ಹತ್ತಿಪ್ಪತ್ತು ಕಿಲೋಮೀಟರು ಅದು ತಡೆದೀತು. ಮೂರು ತಿಂಗಳು ದುಡಿಸುವುದು ನ್ಯಾಯವಲ್ಲ. ಇದಕ್ಕಾಗಿಯೇ ಮುಂಚಕ್ರಗಳಿಗೆ ಶಕ್ತಿ ಹೋಗುವ ಕಾರಿನಲ್ಲಿ, ಇಂದಿನ ಚಿಕ್ಕ ಕಾರುಗಳಲ್ಲಿ ಹೆಚ್ಚಿನವು ಇಂಥವೇ, ತಾತ್ಕಾಲಿಕ ಚಕ್ರ ಹಿಂದೆ ಇರುವುದು ಮೇಲು. ಮುಂದಿನದು ಪಂಕ್ಚರ್ ಆದರೆ ಹಿಂದಿನ ಒಳ್ಳೆಯ ಚಕ್ರವನ್ನು ಮುಂದಕ್ಕೆ ತಂದು, ಸಣ್ಣದನ್ನು ಹಿಂದಕ್ಕೆ ಹಾಕಬೇಕಾಗುತ್ತದೆ. ಹಾಗೆಂದು ಲಾರಿಗಳು ಭರ್ರೆಂದು ಹೋಗುವ ಹೆದ್ದಾರಿಯ ಅಂಚಿನಲ್ಲಿ ಎರಡೆರಡು ಸಲ ಜಾಕ್ ಏರಿಸುವ ಸಾಹಸ ಬೇಡ. ಮೊದಲು ಮೆಲ್ಲಗೆ ಹತ್ತಿರದ ಪೆಟ್ರೋಲ್ ಬಂಕ್ ತಲುಪಿ, ಅಲ್ಲಿ ಅದಲು ಬದಲು ಮಾಡಿ.

ನಾಲ್ಕೂ ಚಕ್ರಕ್ಕೆ ಸದಾ ಶಕ್ತಿ ಹೋಗುವ ವಾಹನಗಳ ಕಥೆ ಬೇರೆ. ಅಲ್ಲಿ ಮುಂದಿನ ಜೋಡಿ, ಹಿಂದಿನ ಜೋಡಿ, ಇವೆರಡರ ನಡುವಿನ ಸಂಬಂಧ ಎಲ್ಲಕ್ಕೂ ಒಂದು ಚಿಕ್ಕ ಚಕ್ರ ಹುಳಿ ಹಿಂಡುತ್ತದೆ. ಕಾಡು, ಕೆಸರಿಗೆ ಮಾತ್ರ ನಾಲ್ಕು ಚಕ್ರ ಹಾಕಿಕೊಳ್ಳುವ ಜೀಪು, ಜಿಪ್ಸಿ ಮಾದರಿಗಳಲ್ಲಿ ಮುಂದಿನ, ಹಿಂದಿನ ಅಚ್ಚುಗಳ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ಅಳತೆ ತಪ್ಪಿದ ಚಕ್ರ ಹಾಕಿಕೊಂಡು ಒಣ ಡಾಂಬರಿನ ಮೇಲೆ ನಾಲ್ಕು ಚಕ್ರದ ಗೇರು ಹಾಕಿದರೆ ಒಳಗಿನ ದಂಡಗಳು ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತವೆ. ಕಾಫಿ ಸೀಮೆಯ ಓದುಗರಿಗೆ ಈ ಮಾತು.

ಹಲ್ಲುಚಕ್ರ ಸವೆದರೆ ಹೋಗುವುದು ದುಡ್ಡು. ಬ್ರೇಕಿನ ವಿಷಯ ಹಾಗಲ್ಲ.

ಕಾರಿನ ಒಂದು ಚಕ್ರದ ಮೇಲೆ ಸುಮಾರು 400 ಕಿಲೋ ಭಾರ ಬೀಳುತ್ತದೆ ಎನ್ನೋಣ. ನ್ಯೂಟನ್‌ಗಳಲ್ಲಿ 3,920. ಟೈರಿನೊಳಗಿನ ಗಾಳಿಯ ಒತ್ತಡ 33, ಅಂದರೆ ಪಂಕ್ಚರ್ ಅಂಗಡಿಯವನು "ಮೂವತ್ತಮೂರು ಹಾಕ್ಲಾ?" ಎಂದು ಕೇಳುತ್ತಾನಲ್ಲ, ಆ 33. ಅದು ಪ್ರತಿ ಚದರ ಅಂಗುಲಕ್ಕೆ ಪೌಂಡುಗಳ ಲೆಕ್ಕ. ನಮ್ಮ ಮಾನದಲ್ಲಿ ಸುಮಾರು 227 ಕಿಲೋಪ್ಯಾಸ್ಕಲ್. ಬಲವನ್ನು ಒತ್ತಡದಿಂದ ಭಾಗಿಸಿದರೆ ವಿಸ್ತೀರ್ಣ. ಉತ್ತರ ಸುಮಾರು 172 ಚದರ ಸೆಂಟಿಮೀಟರ್. ಒಂಬತ್ತು ಹತ್ತು ಬೆಂಕಿಪೊಟ್ಟಣಗಳನ್ನು ಮಗ್ಗುಲಿಗೆ ಮಗ್ಗುಲು ಇಟ್ಟಷ್ಟು ಜಾಗ. ನಿಮ್ಮ ಸಂಸಾರವನ್ನು ರಸ್ತೆಗೆ ಹಿಡಿದಿಟ್ಟಿರುವುದು ಚಕ್ರಕ್ಕೊಂದರಂತೆ ಇಷ್ಟೇ ರಬ್ಬರು. ತಾತ್ಕಾಲಿಕ ಚಕ್ರ ಸಪೂರ. ಅದರೊಳಗೆ ಗಾಳಿ ಹಿಡಿಯುವುದು ಕಡಿಮೆ. ಅಷ್ಟೇ ಭಾರ ಹೊರಬೇಕಾದರೆ ಒತ್ತಡ ಹೆಚ್ಚಬೇಕು. ಆದ್ದರಿಂದ ಅದಕ್ಕೆ 60 ಗಾಳಿ, ಅಂದರೆ ಸುಮಾರು 420 ಕಿಲೋಪ್ಯಾಸ್ಕಲ್ ಹಾಕಬೇಕೆಂದು ಟೈರಿನ ಮೇಲೆಯೇ ಅಚ್ಚು ಮಾಡಿರುತ್ತಾರೆ. ಅದೇ ಭಾಗಾಕಾರ ಮಾಡಿ: 93 ಚದರ ಸೆಂಟಿಮೀಟರ್. ಐದು ಬೆಂಕಿಪೊಟ್ಟಣ.

ಇಲ್ಲಿ ಚುರುಕಾದ ವಿದ್ಯಾರ್ಥಿ ಕೈಯೆತ್ತಬೇಕು. "ಘರ್ಷಣೆ ಸಂಪರ್ಕದ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲ ಎಂದು ಪಾಠದಲ್ಲಿದೆ. ಜಾಗ ಕಡಿಮೆಯಾದರೇನು?" ಒಳ್ಳೆಯ ಪ್ರಶ್ನೆ. ಮರದ ತುಂಡು, ಇಟ್ಟಿಗೆಗಳ ಮಟ್ಟಿಗೆ ಪುಸ್ತಕದ ನಿಯಮ ಸರಿ. ರಬ್ಬರು ಈ ನಿಯಮಕ್ಕೆ ಪೂರ್ತಿ ಬಗ್ಗುವುದಿಲ್ಲ. ಅದು ಮೆದು, ರಸ್ತೆಯ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು ಹಿಡಿಯುತ್ತದೆ, ಅಂಟಿಕೊಳ್ಳುತ್ತದೆ. ಅದನ್ನು ಹೆಚ್ಚು ಅದುಮಿದಷ್ಟೂ ಹಿಡಿತ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಹಾಗಾಗಿ ಅಷ್ಟೇ ಭಾರವನ್ನು ಚಿಕ್ಕ ಜಾಗದ ಮೇಲೆ ಹೇರಿದಾಗ ಒಟ್ಟು ಹಿಡಿತ ಕುಗ್ಗುತ್ತದೆ. ಜೊತೆಗೆ ತಾತ್ಕಾಲಿಕ ಟೈರಿನ ಗೀರುಗಳು ಆಳವಿಲ್ಲ. ಮಳೆ ನೀರನ್ನು ಪಕ್ಕಕ್ಕೆ ಸರಿಸುವ ಶಕ್ತಿ ಅದಕ್ಕೆ ಕಡಿಮೆ.

ಇದರ ಪರಿಣಾಮ ಬ್ರೇಕ್ ಒತ್ತಿದಾಗ ತಿಳಿಯುತ್ತದೆ. ಮೂರು ಚಕ್ರ ರಸ್ತೆಯನ್ನು ಗಟ್ಟಿಯಾಗಿ ಹಿಡಿದು, ನಾಲ್ಕನೆಯದು ಜಾರಿದರೆ ಕಾರು ಒಂದು ಕಡೆಗೆ ಎಳೆಯುತ್ತದೆ. ತಿರುವಿನಲ್ಲಿ ಹಿಂದಿನ ಚಕ್ರ ಜಾರಿದರೆ ಕಾರಿನ ಬಾಲ ಹೊರಗೆ ಬೀಸುತ್ತದೆ. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಜುಲೈ ತಿಂಗಳಲ್ಲಿ ಬಾಲ ಬೀಸಿದರೆ ಮುಂದೇನು ಎಂಬುದನ್ನು ನಾನು ಬರೆಯಬೇಕಾಗಿಲ್ಲ. ಚಕ್ರ ಸಿಕ್ಕಿಬೀಳದಂತೆ ತಡೆಯುವ ಎಬಿಎಸ್ ವ್ಯವಸ್ಥೆ ನಮ್ಮ ದೇಶದ ಹೊಸ ಕಾರುಗಳಿಗೆಲ್ಲ 2019ರ ಏಪ್ರಿಲ್‌ನಿಂದ ಕಡ್ಡಾಯವಾಗಿದೆ. ಅದು ನಾಲ್ಕೂ ಚಕ್ರಗಳ ವೇಗವನ್ನು ಹೋಲಿಸಿ ನೋಡುತ್ತದೆ. ಒಂದು ಚಕ್ರ ಮೊದಲಿನಿಂದಲೂ ನೂರಕ್ಕೆ ಆರೇಳರಷ್ಟು ಜೋರಾಗಿ ಸುತ್ತುತ್ತಿದ್ದರೆ ಅದರ ಲೆಕ್ಕಾಚಾರಕ್ಕೂ ಗಲಿಬಿಲಿ. ಕೆಲವು ಕಾರುಗಳು ಗಾಳಿ ಇಳಿದದ್ದನ್ನು ತಿಳಿಯುವುದೂ ಇದೇ ರೀತಿ: ಗಾಳಿ ಇಳಿದ ಚಕ್ರ ತುಸು ಕುಗ್ಗಿ, ಉಳಿದವಕ್ಕಿಂತ ಜೋರಾಗಿ ಸುತ್ತುತ್ತದೆ. ಚಿಕ್ಕ ಸ್ಟೆಪ್ನಿ ಹಾಕಿದೊಡನೆ ಎದುರಿನ ಫಲಕದಲ್ಲಿ ದೀಪ ಹೊತ್ತಿಕೊಂಡರೆ ಗಾಬರಿ ಬೇಡ, ಸಿಟ್ಟೂ ಬೇಡ. ಯಂತ್ರ ತನಗೆ ತಿಳಿದಷ್ಟು ಹೇಳುತ್ತಿದೆ.

ಆದ್ದರಿಂದಲೇ 80ರ ಮಿತಿ. ಅದು ಒಣ, ಒಳ್ಳೆಯ ರಸ್ತೆಯ ಗರಿಷ್ಠ. ಮಳೆಯಲ್ಲಿ, ತಿರುವಿನಲ್ಲಿ, ಕಾರು ತುಂಬ ಜನರಿದ್ದಾಗ ಐವತ್ತೇ ಹೆಚ್ಚು. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿ ಎಂಬುದು ಹತ್ತನೇ ತರಗತಿಯವರಿಗೆ ಗೊತ್ತಿದೆ, ಅಪ್ಪನಿಗೆ ನೆನಪಿಸಿ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯಂಥ ಕಡೆ ಎಲ್ಲರೂ ನುಗ್ಗುತ್ತಿರುವಾಗ ಎಂಬತ್ತರಲ್ಲಿ ಹೋಗುವುದು ಅವಮಾನವೆನಿಸಬಹುದು. ಎಡಗಡೆ ಹಿಡಿದು ಹೋಗಿ, ಮೊದಲು ಸಿಗುವ ಊರಿನಲ್ಲಿ ಇಳಿದು ಟೈರು ರಿಪೇರಿ ಮಾಡಿಸಿ.

ಇಷ್ಟು ಹೊತ್ತು ತಾತ್ಕಾಲಿಕ ಚಕ್ರದ ಮಾತಾಯಿತು. ಟೈರು ಬದಲಿಸುವಾಗ ಬೇರೆ ಬೇರೆ ಅಳತೆ ಸೇರಿಸಬಹುದೇ ಎಂಬುದು ಪಾಲಕರ ಇನ್ನೊಂದು ಪ್ರಶ್ನೆ. "ಎರಡೇ ಸವೆದಿವೆ, ಅಂಗಡಿಯಲ್ಲಿ ಇದೇ ಅಳತೆಯದಿಲ್ಲ, ಒಂದು ನಂಬರ್ ದೊಡ್ಡದು ಹಾಕ್ಲಾ ಅಂತಾನೆ." ಒಂದೇ ಅಚ್ಚಿನ ಎಡಬಲಗಳಲ್ಲಿ ಅಳತೆ, ಮಾದರಿ, ಸವಕಳಿ ಮೂರೂ ಸಮನಾಗಿರಬೇಕು, ಇದರಲ್ಲಿ ರಾಜಿಯಿಲ್ಲ. ಕಾರಣ ಮೇಲಿನ ಲೋಟ. ಓರೆ ಹೆಣಿಗೆಯ ಹಳೆಯ ಟೈರನ್ನೂ ರೇಡಿಯಲ್ಲನ್ನೂ ಒಂದೇ ಅಚ್ಚಿಗೆ ಖಾಯಂ ಜೋಡಿಸುವುದಂತೂ ಸಲ್ಲದು. ತಿರುವಿನಲ್ಲಿ ಒಂದೊಂದು ಒಂದೊಂದು ರೀತಿ ಬಾಗುತ್ತದೆ. ಹಳೆಯ ಅಂಬಾಸಿಡರ್ ಇಟ್ಟುಕೊಂಡಿರುವ ಅಭಿಮಾನಿಗಳು ಇದನ್ನು ಗಮನಿಸಬೇಕು. ಅದರ 5.90-15 ಎಂಬ ಬರಹದಲ್ಲಿ ಶೇಕಡಾ ಸಂಖ್ಯೆಯೇ ಇಲ್ಲ, ಅಗಲವೂ ಅಂಗುಲದಲ್ಲೇ ಇದೆ.

ಅಳತೆಯನ್ನು ಬದಲಿಸಲೇಬಾರದೆಂದಲ್ಲ. ತಯಾರಕರೇ ಹೇಗೆ ಬದಲಿಸುತ್ತಾರೆ ನೋಡಿ. ಸ್ವಿಫ್ಟ್ ಕಾರಿನ ಅಗ್ಗದ ಮಾದರಿಗೆ 165/80 ಆರ್ 14, ದುಬಾರಿ ಮಾದರಿಗೆ 185/65 ಆರ್ 15 ಕೊಟ್ಟಿದ್ದಾರೆ. ಮೊದಲನೆಯದರ ಲೆಕ್ಕ: ಗೋಡೆ 132, ಎರಡು ಸೇರಿ 264, ಡಿಸ್ಕು 355.6, ಒಟ್ಟು 619.6 ಮಿ.ಮೀ. ಎರಡನೆಯದು ನಮಗೆ ಆಗಲೇ ಗೊತ್ತು, 621.5. ಡಿಸ್ಕು ಒಂದಂಗುಲ ದೊಡ್ಡದಾದರೂ ಚಕ್ರದ ವ್ಯಾಸದಲ್ಲಿ ಎರಡೇ ಮಿಲಿಮೀಟರ್ ವ್ಯತ್ಯಾಸ! ಡಿಸ್ಕು ಬೆಳೆದಷ್ಟು ಗೋಡೆ ಕುಗ್ಗಿದೆ. ದೊಡ್ಡ ಡಿಸ್ಕು ಹಾಕಿಸುವ ಆಸೆಯಿರುವ ಕಾಲೇಜು ಹುಡುಗರು ಈ ಒಂದು ಸೂತ್ರ ಹಿಡಿದುಕೊಳ್ಳಲಿ. ಒಟ್ಟು ವ್ಯಾಸ ಶೇಕಡಾ ಮೂರಕ್ಕಿಂತ ಹೆಚ್ಚು ಆಚೀಚೆ ಹೋಗದಿರಲಿ ಎಂಬುದು ಟೈರಿನ ವ್ಯವಹಾರ ಬಲ್ಲವರ ಸಾಮಾನ್ಯ ಲೆಕ್ಕ.

ಹೋದರೆ? 185/65ರ ಬದಲು 205/65 ಹಾಕಿದಿರಿ ಎನ್ನಿ. ಹೊಸ ವ್ಯಾಸ 647.5, ಶೇಕಡಾ ನಾಲ್ಕಕ್ಕಿಂತ ಹೆಚ್ಚು. ವೇಗದ ಮುಳ್ಳು ಚಕ್ರದ ಸುತ್ತುಗಳನ್ನು ಎಣಿಸುತ್ತದೆಯೇ ಹೊರತು ರಸ್ತೆಯನ್ನು ಅಳೆಯುವುದಿಲ್ಲ. ಮುಳ್ಳಿನ ಲೆಕ್ಕಕ್ಕೆ 80 ಆದಾಗ ಕಾರು 83ರಲ್ಲಿ ಓಡುತ್ತಿರುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಮಡ್‌ಗಾರ್ಡಿನ ಒಳಬದಿಗೆ ಉಜ್ಜಬಹುದು. ಅದೇ ಡಿಸ್ಕಿಗೆ ಅಗಲದ ಟೈರು ಸರಿಯಾಗಿ ಕೂರದಿರಬಹುದು. ಅಳತೆಯ ಪಕ್ಕದಲ್ಲಿ 88 ಎಚ್ ಎಂಬಂಥ ಇನ್ನೊಂದು ಬರಹವಿರುತ್ತದೆ. 88 ಎಂದರೆ ಆ ಟೈರು ಹೊರಬಲ್ಲದ್ದು 560 ಕಿಲೋ. ಎಚ್ ಎಂದರೆ ಗಂಟೆಗೆ 210 ಕಿಲೋಮೀಟರ್‌ವರೆಗೆ ತಡೆಯಬಲ್ಲದು. ಹೊಸ ಟೈರಿನಲ್ಲಿ ಈ ಭಾರದ ಸಂಖ್ಯೆ ತಯಾರಕರು ಹೇಳಿದ್ದಕ್ಕಿಂತ ಕಡಿಮೆಯಿದ್ದರೆ, ಅಂಗಡಿಯವನು ಎಷ್ಟೇ ರಿಯಾಯಿತಿ ಕೊಡಲಿ, ಬೇಡ.

ಎರಡೇ ಹೊಸ ಟೈರು ಕೊಳ್ಳುವುದಾದರೆ ಎಲ್ಲಿ ಹಾಕಿಸಬೇಕು? ನಮ್ಮಲ್ಲಿ ನೂರಕ್ಕೆ ತೊಂಬತ್ತು ಜನ ಮುಂದಕ್ಕೆ ಹಾಕಿಸುತ್ತಾರೆ. ಟೈರು ಕಂಪನಿಗಳು ಹೇಳುವುದು ಹಿಂದಕ್ಕೆ. ನೀರು ನಿಂತ ರಸ್ತೆಯಲ್ಲಿ ಮುಂದಿನ ಟೈರು ಜಾರಿದರೆ ಕಾರು ನೇರ ಹೋಗುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಮಾನ್ಯವಾಗಿ ಮತ್ತೆ ಹಿಡಿತ ಸಿಗುತ್ತದೆ. ಹಿಂದಿನದು ಜಾರಿದರೆ ಕಾರು ಬುಗುರಿಯಾಗುತ್ತದೆ, ನುರಿತ ಚಾಲಕನಿಗೂ ಅದನ್ನು ಹಿಡಿಯುವುದು ಕಷ್ಟ. ಗೀರುಗಳ ನಡುವೆ ಅಲ್ಲಲ್ಲಿ ಸಣ್ಣ ರಬ್ಬರಿನ ದಿಂಡುಗಳಿರುತ್ತವೆ. ಮೇಲ್ಮೈ ಸವೆದು ಅವುಗಳ ಮಟ್ಟಕ್ಕೆ ಬಂದರೆ ಉಳಿದಿರುವ ಆಳ 1.6 ಮಿ.ಮೀ. ಎಂದರ್ಥ, ಟೈರಿನ ಆಯುಸ್ಸು ಮುಗಿಯಿತು.

ಶಾಲೆಯ ಗೇಟಿನ ಮುಂದೆ ಬೆಳಿಗ್ಗೆ ನಿಂತರೆ ನನ್ನ ಕಣ್ಣು ಮಕ್ಕಳ ಸಮವಸ್ತ್ರಕ್ಕಿಂತ ವ್ಯಾನುಗಳ ಚಕ್ರದ ಮೇಲೆ ಹೋಗುವುದು ಹಳೆಯ ಚಾಳಿ. ಎಡಕ್ಕೊಂದು ಅಳತೆ, ಬಲಕ್ಕೊಂದು ಅಳತೆ, ಹಿಂದೆ ಬೋಳು ಟೈರು, ಒಳಗೆ ಹನ್ನೆರಡು ಮಕ್ಕಳು. ಚಾಲಕರನ್ನು ಕೇಳಿದರೆ, "ಸ್ಟೆಪ್ನಿ ಹಾಕಿದೀನಿ ಸಾರ್, ಸಂಬಳ ಬಂದ ಮೇಲೆ ನೋಡೋಣ" ಎನ್ನುತ್ತಾರೆ. ಅವರ ಕಷ್ಟ ಸುಳ್ಳಲ್ಲ. ತಿಂಗಳು ತಿಂಗಳು ವ್ಯಾನಿನ ಬಾಡಿಗೆಯಲ್ಲಿ ಐವತ್ತು ರೂಪಾಯಿ ಚೌಕಾಸಿ ಮಾಡುವ ನಾವು ಪಾಲಕರು, ಒಟ್ಟಿಗೆ ಕೂತು ಎರಡು ಟೈರಿನ ಹಣ ಹೊಂದಿಸಿಕೊಟ್ಟರೆ ಯಾರೂ ಬಡವರಾಗುವುದಿಲ್ಲ. ವ್ಯಾನು ಹತ್ತುವ ಮಕ್ಕಳೂ ಟೈರಿನ ಮೇಲಿನ ಸಂಖ್ಯೆ ಓದಲು ಕಲಿಯಲಿ. ಎಡಗಡೆಯದು, ಬಲಗಡೆಯದು ಒಂದೇ ಇದೆಯೇ ಎಂದು ನೋಡಿ ಬಂದು ಮನೆಯಲ್ಲಿ ಹೇಳುವುದಕ್ಕೆ ಯಾವ ಪದವಿಯೂ ಬೇಡ.

ಚಕ್ರ ಬದಲಿಸುವ ಕ್ರಮವನ್ನೂ ಹೇಳಿಬಿಡುತ್ತೇನೆ. ರಸ್ತೆಯಿಂದ ಪೂರ್ತಿ ಕೆಳಗಿಳಿದು, ಗಟ್ಟಿ ಸಮತಟ್ಟು ನೆಲದಲ್ಲಿ ನಿಲ್ಲಿಸಿ. ನಾಲ್ಕೂ ಮಿನುಗು ದೀಪ ಹಾಕಿ, ಕೆಂಪು ತ್ರಿಕೋನವನ್ನು ಸಾಕಷ್ಟು ಹಿಂದೆ ಇಡಿ. ಮಕ್ಕಳನ್ನೂ ಹಿರಿಯರನ್ನೂ ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ. ಕಾರಿನೊಳಗೂ ಬೇಡ, ಕಾರಿನ ಹಿಂದೆಯೂ ಬೇಡ. ಹ್ಯಾಂಡ್ ಬ್ರೇಕ್ ಎಳೆದು, ಎದುರು ಮೂಲೆಯ ಚಕ್ರಕ್ಕೆ ಕಲ್ಲು ಕೊಡಿ. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜಾಕ್ ಏರಿಸಿ. ಎತ್ತಿದ ಮೇಲೆ ಬಲ ಹಾಕಿದರೆ ಕಾರು ಜಾಕಿನಿಂದ ಜಾರೀತು. ಜಾಕ್ ಕೊಡಬೇಕಾದ ಜಾಗ ಕಾರಿನ ಕೆಳಗೆ ಗುರುತು ಮಾಡಿರುತ್ತದೆ. ಕೈಪಿಡಿಯಲ್ಲಿ ಚಿತ್ರವೂ ಇರುತ್ತದೆ. ಜಾಕಿನ ಮೇಲಿರುವ ಕಾರಿನ ಕೆಳಗೆ ಕೈಯನ್ನೂ ಹಾಕಬೇಡಿ. ಹೊಸ ಚಕ್ರದ ನಟ್ಟುಗಳನ್ನು ಎದುರುಬದುರಾಗಿ ಬಿಗಿಯುತ್ತ ಹೋಗಿ, ಕಾರು ಇಳಿಸಿದ ಮೇಲೆ ಮತ್ತೊಮ್ಮೆ ಬಿಗಿಯಿರಿ, ಐವತ್ತು ಕಿಲೋಮೀಟರು ಓಡಿದ ಮೇಲೆ ಇನ್ನೊಮ್ಮೆ. ಅಲಾಯ್ ಡಿಸ್ಕಿನ ನಟ್ಟು ಉಕ್ಕಿನ ಡಿಸ್ಕಿಗೆ ಎಲ್ಲ ಕಾರುಗಳಲ್ಲೂ ಹೊಂದುವುದಿಲ್ಲ. ಹೊಂದದ ಕಾರಿನಲ್ಲಿ ಸ್ಟೆಪ್ನಿಯ ಜೊತೆಗೆ ಬೇರೆ ನಟ್ಟುಗಳನ್ನು ಕೊಟ್ಟಿರುತ್ತಾರೆ, ಪೊಟ್ಟಣ ಬಿಚ್ಚದೆ ಎಲ್ಲೋ ಎಸೆದಿರಬೇಡಿ.

ಈ ಭಾನುವಾರದ ಮನೆಗೆಲಸ. ಕಾರಿನ ಮುಂದಿನ ಟೈರಿನ ತಳಕ್ಕೆ, ನೆಲಕ್ಕೆ ತಾಗುವಲ್ಲಿ, ಸೀಮೆಸುಣ್ಣದ ಗೆರೆ ಎಳೆಯಿರಿ. ನೆಲದ ಮೇಲೂ ಒಂದು. ಅಪ್ಪ ಕಾರು ಮೆಲ್ಲಗೆ ಮುಂದಕ್ಕೆ ಬಿಡಲಿ, ಗೆರೆ ಒಂದು ಸುತ್ತು ಸುತ್ತಿ ಮತ್ತೆ ನೆಲ ಮುಟ್ಟಿದಲ್ಲಿ ನಿಲ್ಲಿಸಲಿ. ಟೇಪಿನಿಂದ ಅಳೆದು, ಬರಹದಿಂದ ಲೆಕ್ಕ ಹಾಕಿದ ಪರಿಧಿಯೊಡನೆ ಹೋಲಿಸಿ. ಅಳೆದದ್ದು ಸ್ವಲ್ಪ ಕಡಿಮೆ ಬರುತ್ತದೆ. ಭಾರಕ್ಕೆ ಟೈರಿನ ತಳ ಚಪ್ಪಟೆಯಾಗಿರುವುದನ್ನು ನೋಡಿದರೆ ಕಾರಣ ಹೊಳೆದೀತು. ಆಮೇಲೆ ಡಿಕ್ಕಿ ತೆಗೆದು ಸ್ಟೆಪ್ನಿಯ ಗಾಳಿ ನೋಡಿಸಿ. ವರ್ಷಗಟ್ಟಲೆ ಯಾರೂ ಮುಟ್ಟದ ಚಕ್ರದಲ್ಲಿ 60ರ ಬದಲು 25 ಇದ್ದರೆ ಆಶ್ಚರ್ಯವಿಲ್ಲ. ಅದರ ಗೋಡೆಯ ಮೇಲೆ ನಾಲ್ಕು ಅಂಕಿಗಳ ಒಂದು ಗುರುತು ಹುಡುಕಿ. 2319 ಎಂದಿದ್ದರೆ 2019ರ ಇಪ್ಪತ್ತಮೂರನೇ ವಾರದಲ್ಲಿ ತಯಾರಾದದ್ದು. ಒಮ್ಮೆಯೂ ರಸ್ತೆ ಕಾಣದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಗೋಡೆಯಲ್ಲಿ ಕೂದಲೆಳೆಯ ಬಿರುಕು ಕಂಡರೆ ಟೈರಿನ ಅಂಗಡಿಯವರಿಗೆ ತೋರಿಸಿ. ಸ್ಟೆಪ್ನಿಯೇ ಇಲ್ಲದ ಹೊಸ ಕಾರಿನವರು ರಿಪೇರಿ ಕಿಟ್‌ನ ಡಬ್ಬಿ ತೆಗೆದು ನೋಡಿ. ಅದರೊಳಗಿನ ಅಂಟಿಗೂ ಔಷಧಿಯ ಸೀಸೆಯಂತೆ ಕೊನೆಯ ದಿನಾಂಕವಿದೆ, ಮತ್ತು ಅದು ಮುಚ್ಚುವುದು ಮೊಳೆ ಚುಚ್ಚಿದ ತೂತನ್ನು ಮಾತ್ರ. ಕಲ್ಲಿಗೆ ತಾಗಿ ಪಕ್ಕದ ಗೋಡೆ ಹರಿದರೆ ದೂರವಾಣಿ ಮಾಡಿ ಗಾಡಿ ಎಳೆಯುವವರನ್ನು ಕರೆಯಬೇಕು.